ಬಾವಿಕಟ್ಟೆ ಯಾರ ಹೆಸರಲ್ಲಿ ಉಂಟು?

ಜೆಪ್ಪು, ಮಂಗಳೂರು
19 ಆಗಸ್ಟ್ 2025

ಮರ್ವಾಳ ಬಾಪನಿಗೆ ಸಲಾಂ.

ರಾತ್ರಿ ಗಂಟೆ ಎರಡೂ ಮುಕ್ಕಾಲು. ಎಬ್ಬಿಸಿದ್ದು ಮರ್ವಾ ಅಲ್ಲ, ನಿಮ್ಮ ಮಗಳು ಇವತ್ತು ಅಪರೂಪಕ್ಕೆ ಬಾಯಿ ತೆರೆದುಕೊಂಡು ನಿದ್ರೆ ಹೋಗಿದ್ದಾಳೆ. ಎಬ್ಬಿಸಿದ್ದು ಪಕ್ಕದ ಮನೆಯ ಕುಶಲಕ್ಕನ ಪಂಪು. ಮೊದಲು ಗೊರಗೊರ ಎಂದು ಉಸಿರೆಳೆಯುವ ಸದ್ದು, ಆಮೇಲೆ ಚರಂಡಿಗೆ ನೀರು ಸುರಿಯುವ ಸದ್ದು. ಬಾವಿಯನ್ನು ಪೂರ್ತಿ ಬರಿದು ಮಾಡಿದರೆ ಹೊಸ ಒರತೆ ಚೊಕ್ಕವಾಗಿ ಬರುತ್ತದೆಂದು ಅವರ ನಂಬಿಕೆ. ಹಗಲು ಮಾಡಿದರೆ ಓಣಿಗೆಲ್ಲ ಗೊತ್ತಾಗಿ, ಮಹಡಿಯಲ್ಲಿ ಬಾಡಿಗೆಗಿರುವ ನರ್ಸಿಂಗ್ ಹುಡುಗಿಯರು ಬಿಟ್ಟು ಹೋದಾರೆಂಬ ಭಯ. ಅದಕ್ಕೆ ಈ ಹೊತ್ತು. ಒಮ್ಮೆ ಎಚ್ಚರವಾದರೆ ನನಗೆ ಮತ್ತೆ ನಿದ್ರೆ ಇಲ್ಲವೆಂದು ನಿಮಗೆ ಗೊತ್ತೇ ಉಂಟು.

ಇದನ್ನು ಫೋನಿನಲ್ಲಿ ಹೇಳಲು ಆಗಲಿಲ್ಲ. ನೀವು ವೀಡಿಯೊ ಕಾಲ್ ಮಾಡಿದಾಗ ಮೊಮ್ಮಗಳನ್ನು ಮಡಿಲಲ್ಲಿಟ್ಟುಕೊಂಡು ನಿಮ್ಮ ಉಮ್ಮ ಎದುರು ಕೂತಿರುತ್ತಾರೆ. ಮರ್ವಾಳ ಹಲ್ಲು, ಮರ್ವಾಳ ಕೂದಲು, ಅಷ್ಟರಲ್ಲಿ ನಿಮ್ಮ ಊಟದ ಬಿಡುವು ಮುಗಿಯುತ್ತದೆ. ಹಾಗಾಗಿ ಮೇಲ್. ನಾವು ಬ್ಯಾರಿ ಭಾಷೆಯಲ್ಲಿ ಜಗಳಾಡುವವರು, ಆದರೆ ಬರೆಯಲು ಕುಳಿತರೆ ಶಾಲೆಯ ಕನ್ನಡವೇ ಕೈಗೆ ಬರುತ್ತದೆ.

ವಿಷಯಕ್ಕೆ ಬರುತ್ತೇನೆ. ಬಾವಿಕಟ್ಟೆ ತೆರೆಯುತ್ತಿಲ್ಲ.

ಜುಲೈಯಲ್ಲಿ ವಾಂತಿಭೇದಿಯಾಗಿ ಮರ್ವಾಳನ್ನು ಅತ್ತಾವರದ ಆಸ್ಪತ್ರೆಯಲ್ಲಿ ಮಲಗಿಸಿ, ಅವಳ ಕೈಯಲ್ಲಿ ನರ ಸಿಗದೆ ಪಾದಕ್ಕೆ ಸೂಜಿ ಹಾಕಿದ್ದನ್ನು ನೋಡಿ ಬಂದ ಮೇಲೆ ನಾನು ಎಂತ ಮಾಡಿದೆನೆಂದು ನಿಮಗೆ ಹೇಳಬೇಕಾಗಿಲ್ಲ. ಮೈಕ್ರೋಬಯಾಲಜಿ ಓದಿ ಗಂಜಿ ಬೇಯಿಸುತ್ತಿದ್ದೇನೆಂದು ನೀವೇ ಗೇಲಿ ಮಾಡುತ್ತಿದ್ದಿರಿ. ಆ ಓದು ಮೊದಲ ಸಲ ಉಪಯೋಗಕ್ಕೆ ಬಂತು. ನಮ್ಮ ಬಾವಿಯ ನೀರನ್ನು ಪರೀಕ್ಷೆಯ ಬಾಟಲಿಗೆ ತುಂಬಿ ಅಡಿಗೆಮನೆಯ ಹಲಗೆಯ ಮೇಲಿಟ್ಟೆ. ಕೊಳಚೆ ಸೇರಿದ್ದರೆ ನೀರು ಕಪ್ಪಾಗುತ್ತದೆ. ಮರುದಿನ ಕಪ್ಪಾಗಿತ್ತು. ಆಮೇಲೆ ಓಣಿಯ ಒಂದೊಂದೇ ಬಾವಿ. ರಸ್ತೆಯಡಿಯ ಒಳಚರಂಡಿ ಎಲ್ಲೋ ಒಡೆದು ಬಾವಿಗಳಿಗೆ ಇಳಿಯುತ್ತಿದೆ. ಯಾವ ಬಾವಿಯ ನೀರು ಕುಡಿಯಲಿಕ್ಕಾಗುತ್ತದೆ, ಯಾವುದು ಆಗುವುದಿಲ್ಲ ಎಂದು ಎಲ್ಲರಿಗೂ ಕಾಣುವ ಹಾಗೆ ನಕ್ಷೆಯಲ್ಲಿ ಹಾಕಿದೆ. ಕಪ್ಪು ಚುಕ್ಕಿ, ನೀಲಿ ಚುಕ್ಕಿ, ಅಷ್ಟೇ. ಬಾವಿಕಟ್ಟೆ ಡಾಟ್ ಇನ್ ಎಂಬ ಹೆಸರನ್ನು ನೀವೇ ಅಲ್ಲಿ ಸೌದಿಯಿಂದ ತೆಗೆದುಕೊಟ್ಟಿರಿ. ಕೇಳುವ ಮೊದಲೇ ನಿಮ್ಮ ಹೆಸರು, ಈ ಮನೆಯ ವಿಳಾಸ ತುಂಬಿಸಿ ಕಳಿಸಿದಿರಿ.

ನಿನ್ನೆ ಒಂದು ಕಚೇರಿಯಿಂದ ಲಕೋಟೆ ಬಂತು. ಯಾವ ಕಚೇರಿಯೆಂದು ಮೇಲ್‌ನಲ್ಲಿ ಬರೆಯುವುದಿಲ್ಲ. ‘ಮಾಲೀಕರು, ಇಜಾಝ್’ ಎಂದು ಮೇಲೆ ನಿಮ್ಮ ಹೆಸರು. ಒಳಗೆ, ಜನರಲ್ಲಿ ಭೀತಿ ಹುಟ್ಟಿಸುವ ಮಾಹಿತಿ, ಹೆಸರನ್ನು ತಡೆಹಿಡಿಯಲಾಗಿದೆ ಎಂದು. ನೋಡಿದರೆ ನಿಜವಾಗಿಯೂ ಇಲ್ಲ. ಪುಟ ಇದ್ದ ಜಾಗದಲ್ಲಿ ಬಿಳಿ.

ನೀವು ದಿನವಿಡೀ ಅಂಗಡಿಗಳಿಗೆ ವೆಬ್‌ಸೈಟಿನ ಹೆಸರು ಮಾರುವವರು. ಹೆಸರಿನ ಹಿಂದೆ ಡಾಟ್ ಇನ್, ಡಾಟ್ ಕಾಮ್ ಎಂದು ಒಂದು ಬಾಲ ಇರುತ್ತದಲ್ಲ, ಒಂದು ಕಾಗದ ಬರೆದ ಮಾತ್ರಕ್ಕೆ ಯಾರೂ ಕತ್ತರಿಸಲಾಗದ ಬಾಲ ಇಲ್ಲವಾ?

ನಿಮ್ಮ
ಶಾಝಿಯಾ


ದಮ್ಮಾಮ್
24 ಆಗಸ್ಟ್ 2025

ಶಾಝಿ,

ವಅಲೈಕುಂ ಸಲಾಂ. ನಿನ್ನ ಪತ್ರವನ್ನು ಅಂಗಡಿಯಲ್ಲಿ ಓದಿದೆ, ರೂಮಿನಲ್ಲಿ ಮತ್ತೊಮ್ಮೆ ಓದಿದೆ. ಜತೆಗಿರುವ ಅಯ್ಯೂಬ್ ‘ಎಂತ ಮಾರಾಯ, ಪರೀಕ್ಷೆಗೆ ಓದ್ತಾ ಇದ್ದೀಯಾ’ ಎಂದ.

ಇಲ್ಲಿಗೆ ಬರುವ ಗಿರಾಕಿಗಳಿಗೆಲ್ಲ ಡಾಟ್ ಕಾಮ್ ಬೇಕು. ಯಾಕೆ ಎಂದರೆ ಎಲ್ಲರದ್ದೂ ಅದೇ ಉಂಟಲ್ಲ ಎನ್ನುತ್ತಾರೆ. ನಿನ್ನ ಹಾಗೆ ಕೇಳಿದ ಗಿರಾಕಿ ಈವರೆಗೆ ಬಂದಿಲ್ಲ. ಬಾಲಕ್ಕೆಲ್ಲ ಒಬ್ಬೊಬ್ಬ ಬೀಗದ ಕೈಯವನಿದ್ದಾನೆ. ಡಾಟ್ ಇನ್‌ನ ಬೀಗದ ಕೈ ನಮ್ಮ ದೇಶದಲ್ಲೇ ಉಂಟು, ಆ ಕಚೇರಿಯಿಂದ ಅಲ್ಲಿಗೆ ಒಂದು ಕಾಗದ ಸಾಕು. ಡಾಟ್ ಕಾಮ್‌ನದ್ದು ಅಮೆರಿಕದ ಒಂದು ಕಂಪೆನಿಯ ಕೈಯಲ್ಲಿ. ಅವರಿಗೆ ಜೆಪ್ಪು ಗೊತ್ತಿಲ್ಲ, ಆದರೆ ಅಲ್ಲಿಯ ಕೋರ್ಟು ಹೇಳಿದರೆ ಕಟ್ಟು ಕಟ್ಟಾಗಿ ಹೆಸರು ಮುಚ್ಚುತ್ತಾರೆ. ಡಾಟ್ ಟಿವಿ ಎಂದರೆ ಟೀವಿ ಎಂದು ನೀನು ತಿಳಿದಿರಬಹುದು. ಅದು ತುವಾಲು ಎಂಬ ದ್ವೀಪದ್ದು. ಡಾಟ್ ಮಿ ಮಾಂಟೆನೆಗ್ರೋದ್ದು. ಚಿಕ್ಕ ದೇಶಗಳು ತಮ್ಮ ಬಾಲವನ್ನು ದೊಡ್ಡ ಕಂಪೆನಿಗಳಿಗೆ ನಡೆಸಲು ಕೊಟ್ಟುಬಿಟ್ಟರೆ, ಕಡೆಗೆ ಬೀಗದ ಕೈ ಎಲ್ಲಿ ಉಂಟೆಂದು ನಮಗೆ ಕಾಣುವುದಿಲ್ಲ.

ನನ್ನನ್ನು ಕೇಳಿದರೆ ಐಸ್‌ಲ್ಯಾಂಡಿನದ್ದು ತೆಗೆದುಕೋ, ಡಾಟ್ ಐಎಸ್. ಅವರದ್ದನ್ನು ಅವರೇ ನೋಡಿಕೊಳ್ಳುತ್ತಾರೆ. ಹೊರಗಿನವರ ಕಾಗದಕ್ಕೆ ಸುಲಭವಾಗಿ ಬಗ್ಗುವುದಿಲ್ಲ, ನಮ್ಮ ಕೋರ್ಟಿನಿಂದ ತನ್ನಿ ಎನ್ನುತ್ತಾರಂತೆ. ಯಾವಾಗಲೂ ಹಾಗೇ ಎಂದು ಆಣೆ ಮಾಡಲಾರೆ. ಆದರೆ ನನಗೆ ಗೊತ್ತಿರುವುದರಲ್ಲಿ ಗಟ್ಟಿ. ಮತ್ತೆ, ಅದನ್ನು ಊರಿನ ಯಾವ ಕಂಪೆನಿಯ ಮೂಲಕವೂ ಕೊಳ್ಳಬೇಡ. ಬಾಲ ಅಲ್ಲಿಯದ್ದಾಗಿ ಅಂಗಡಿ ಊರಿನದ್ದಾದರೆ, ಅಂಗಡಿಯವನಿಗೇ ಫೋನ್ ಹೋಗುತ್ತದೆ. ನೇರ ಅವರ ಹತ್ತಿರವೇ ತೆಗೆದುಕೋ. ಕಾರ್ಡಿನ ಓಟಿಪಿ ನಾನು ಹೇಳುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಬಾಲ ಎಷ್ಟು ಗಟ್ಟಿಯಿದ್ದರೂ, ಊರಿನ ಫೋನ್ ಕಂಪೆನಿಗಳಿಗೆ ‘ಆ ದಾರಿ ಮುಚ್ಚಿ’ ಎಂದರೆ ಮುಚ್ಚುತ್ತಾರೆ. ಮನೆ ಇರುತ್ತದೆ, ಗೇಟಿನವರೆಗೆ ಬರಲು ರಸ್ತೆ ಇರುವುದಿಲ್ಲ. ಅದಕ್ಕೆ ಯಾವ ದೇಶದ ಬಾಲವೂ ಮದ್ದಲ್ಲ. ಹಾಗಾಗಿ ನಕ್ಷೆಯನ್ನು ಒಂದು ಫೈಲ್ ಮಾಡಿಡು, ಹೆಂಗಸರು ವಾಟ್ಸಾಪಿನಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಳ್ಳಲಿ.

ನೋಟಿಸಿನ ಬಗ್ಗೆ ತಲೆಬಿಸಿ ಮಾಡಬೇಡ. ಉಮ್ಮನಿಗೆ ಬ್ಯಾಂಕಿನ ಕಾಗದ ಎಂದು ಹೇಳು. ಅವರಿಗೆ ಬಿಪಿ ಉಂಟು.

ನವೆಂಬರಿಗೆ ರಜೆ ಸಿಗುವ ಹಾಗೆ ಕಾಣುತ್ತದೆ. ಮರ್ವಾ ನನ್ನನ್ನು ನೋಡಿ ಅಳುತ್ತಾಳಾ?

ನಿನ್ನ
ಇಜಾಝ್


ಜೆಪ್ಪು
2 ಸೆಪ್ಟೆಂಬರ್ 2025

ಮರ್ವಾಳ ಬಾಪನಿಗೆ,

ನೀವು ಓಟಿಪಿ ಹೇಳಿದ ಅರ್ಧ ಗಂಟೆಯಲ್ಲಿ ಬಾವಿಕಟ್ಟೆ ಐಸ್‌ಲ್ಯಾಂಡಿಗೆ ಹೋಯಿತು. ಫಾರಂ ಇಂಗ್ಲಿಷಿನಲ್ಲಿತ್ತು, ಕಷ್ಟವಾಗಲಿಲ್ಲ. ಹೆಸರು, ವಿಳಾಸ, ಮೇಲ್ ಎಲ್ಲ ನಿಮ್ಮದೇ ಕೊಟ್ಟೆ. ಗ್ಯಾಸ್ ಬುಕ್ ಮಾಡುವಾಗ ಕೈ ತಾನಾಗಿ ಬರೆಯುತ್ತದಲ್ಲ, ಹಾಗೆಯೇ ಬರೆಯಿತು. ಈಗ ಚುಕ್ಕಿಗಳೆಲ್ಲ ಮೊದಲಿನ ಹಾಗೆ ಕಾಣುತ್ತವೆ.

ಕುಶಲಕ್ಕನಿಗೆ ತೋರಿಸಿದೆ. ಅವರ ಬಾವಿಯನ್ನು ನಾನು ನಕ್ಷೆಯಲ್ಲಿ ಹಾಕಿರಲಿಲ್ಲ, ಹಾಕಬೇಡ ಎಂದು ಕೈ ಹಿಡಿದು ಕೇಳಿಕೊಂಡಿದ್ದರು. ಕಟ್ಟೆಯ ಮೇಲೆ ಕೂತು ಕನ್ನಡಕ ಏರಿಸಿ ನೋಡಿದರು.

“ಇದು ಎಲ್ಲಿ ಉಂಟು ಅಂದೆ?”

“ಐಸ್‌ಲ್ಯಾಂಡಿನಲ್ಲಿ ಕುಶಲಕ್ಕ. ಅಲ್ಲಿಯವರು ಸುಲಭದಲ್ಲಿ ತೆಗೆಯುವುದಿಲ್ಲವಂತೆ.”

“ಒಳ್ಳೇದಾಯ್ತು. ಐಸಿನಲ್ಲಿಟ್ಟದ್ದು ಬೇಗ ಕೆಡುದಿಲ್ಲ, ಬಂಗುಡೆ ಮೀನಿನ ಹಾಗೆ.” ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, ಬಾವಿಯೊಳಗೆ ಬಗ್ಗಿ ನೋಡುತ್ತಾ, “ನನ್ನದೂ ಬರಿ ಮಾರಾಯ್ತಿ. ಕಪ್ಪೇ ಬರಿ” ಎಂದರು.

ಯಾಕೆಂದು ಅವರೇ ಹೇಳಿದರು. ಮಹಡಿಯ ಹುಡುಗಿಯರಲ್ಲಿ ಒಬ್ಬಳಿಗೆ ಕಾಮಾಲೆ ಆಗಿದೆ, ಹಳದಿ ಕಣ್ಣು. ಅವಳ ತಾಯಿ ಹಾವೇರಿಯಿಂದ ಬಂದು ಕರೆದುಕೊಂಡು ಹೋದಳು. “ಹೋಗುವಾಗ ನನಗೆ ಕೈ ಮುಗಿದಳು ಶಾಝಿಯಾ. ನನ್ನ ಮಗಳನ್ನು ಚೆನ್ನಾಗಿ ನೋಡಿಕೊಂಡಿರಿ ಅಂತ. ಅದಕ್ಕಿಂತ ಕೆನ್ನೆಗೆ ಎರಡು ಕೊಟ್ಟಿದ್ದರೆ ಆಗ್ತಿತ್ತು.”

ಆ ದಿನದಿಂದ ಪಂಪಿನ ಸದ್ದಿಲ್ಲ. ಆದರೂ ನನಗೆ ಎಚ್ಚರ ಆಗಿಯೇ ಆಗುತ್ತದೆ. ಎದ್ದು ಮರ್ವಾಳ ಹೊಟ್ಟೆಯ ಮೇಲೆ ಕೈಯಿಟ್ಟು, ಬಿಸಿ ಇಲ್ಲವೆಂದು ನೋಡಿ, ಮಲಗುತ್ತೇನೆ. ನಿದ್ರೆ ಬಾರದೆ ಮತ್ತೊಮ್ಮೆ ನೋಡುತ್ತೇನೆ. ಅವಳು ಈಗ ಕುದಿಸಿ ಆರಿಸಿದ ನೀರಿನ ಗಂಜಿ ಮಾತ್ರ ತಿನ್ನುವುದು. ಎರಡು ಹಲ್ಲು ಬಂದಿವೆ, ಕಚ್ಚುತ್ತಾಳೆ. ನಿಮ್ಮನ್ನು ನೋಡಿ ಅಳುವುದಿಲ್ಲ, ಪರದೆಯನ್ನು ನೆಕ್ಕುತ್ತಾಳೆ ಅಷ್ಟೆ.

ನಿಮ್ಮ
ಶಾಝಿಯಾ


ದಮ್ಮಾಮ್
5 ಸೆಪ್ಟೆಂಬರ್ 2025

ಶಾಝಿ,

ಐಸ್‌ಲ್ಯಾಂಡಿನ ಫಾರಂನಲ್ಲಿಯೂ ನನ್ನ ಹೆಸರಾ? ಓದಿ ನಗು ಬಂತು. ಆಮೇಲೆ ಸ್ವಲ್ಪ ಹೊತ್ತು ನಗು ಬರಲಿಲ್ಲ. ಬಾಲ ಬದಲಿಸಿದ್ದು ಹೆಸರು ಉಳಿಯಲಿಕ್ಕೆ. ಹೆಸರಿನ ಹಿಂದೆ ಮಾಲೀಕನೆಂದು ಇರುವ ಮನುಷ್ಯನನ್ನು ಯಾವ ಬಾಲವೂ ಕಾಪಾಡುವುದಿಲ್ಲ. ಅದನ್ನು ನಿನಗೆ ಹೇಳಲು ನಾನೇ ಮರೆತೆ.

ಇರಲಿ. ಈಗ ಬದಲಿಸಲು ಹೋಗಬೇಡ. ನನ್ನದೇ ಇರಲಿ, ಅದೇ ಒಳ್ಳೆಯದು.

ಟಿಕೆಟು ಆಯಿತು. ನವೆಂಬರ್ ಹನ್ನೆರಡು. ಉಮ್ಮನಿಗೆ ಹೇಳಿದ್ದೇನೆ.

ಇಜಾಝ್


ಜೆಪ್ಪು
14 ಅಕ್ಟೋಬರ್ 2025

ಮರ್ವಾಳ ಬಾಪನಿಗೆ,

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಕಾರಣ ಸಂತೋಷ. ಓಣಿಯ ಮೇಲಿನ ತಿರುವಿನಲ್ಲಿ ರಸ್ತೆ ಅಗೆದು ಕೊಳವೆ ಬದಲಿಸಿದರು. ಯಾರು ಹೇಳಿ ಮಾಡಿದ್ದೆಂದು ಯಾರೂ ಹೇಳುವುದಿಲ್ಲ, ಆದರೆ ಕೆಲಸಕ್ಕೆ ಬಂದ ಮೇಸ್ತ್ರಿಯ ಮೊಬೈಲಿನಲ್ಲಿ ನಮ್ಮ ನಕ್ಷೆ ಇತ್ತು, ನಾನೇ ನೋಡಿದೆ. ಅಲ್ಲಿಯ ಬಾವಿಗಳ ನೀರು ಈಗ ಬಾಟಲಿಯಲ್ಲಿ ಕಪ್ಪಾಗುವುದಿಲ್ಲ. ಕಪ್ಪು ಚುಕ್ಕಿಯನ್ನು ಅಳಿಸಿ ನೀಲಿ ಹಾಕಿದೆ. ನಮ್ಮ ಕೆಳಗಿನ ತಿರುವು, ಕುಶಲಕ್ಕನದ್ದು, ನಮ್ಮದು, ಇನ್ನೂ ಹಾಗೆಯೇ ಉಂಟು.

ಇನ್ನು ಎರಡನೆಯ ವಿಷಯ. ಅದನ್ನು ನಿಧಾನವಾಗಿ ಓದಿ.

ನಿನ್ನೆ ಮರ್ವಾಳನ್ನು ಕರೆದುಕೊಂಡು ಬಿಜೈಯಲ್ಲಿರುವ ನನ್ನ ತಾಯಿಯ ಮನೆಗೆ ಹೋಗಿದ್ದೆ. ಸಂಜೆ ಬಂದರೆ ನಿಮ್ಮ ಉಮ್ಮ ಅಂಗಳದಲ್ಲೇ ಕಾಯುತ್ತಿದ್ದರು, ಮುಖದಲ್ಲಿ ಹಬ್ಬದ ಕಳೆ.

“ಬ್ಯಾಂಕಿನವರು ಬಂದಿದ್ದರು ಮೋಳೇ. ಎಂತ ಮರ್ಯಾದೆಯ ಜನ ಗೊತ್ತುಂಟಾ? ಚಪ್ಪಲಿ ಮೆಟ್ಟಿಲಲ್ಲೇ ಬಿಟ್ಟರು.”

“ಯಾವ ಬ್ಯಾಂಕಿನವರು ಉಮ್ಮ?”

“ಆ ಕಾಗದ ಕಳಿಸಿದ ಬ್ಯಾಂಕು. ಇಜಾಝ್ ಇದ್ದಾನಾ ಅಂತ ಕೇಳಿದರು. ಇಲ್ಲ, ದಮ್ಮಾಮಿನಲ್ಲಿ ಅಂದೆ. ಯಾವಾಗ ಬರ್ತಾನೆ ಅಂದರು. ಚಾ ಕೊಟ್ಟೆ, ಬಿಸ್ಕೂಟು ಕೊಟ್ಟೆ. ಮುಂದಿನ ತಿಂಗಳು ಹನ್ನೆರಡಕ್ಕೆ, ಬೆಳಿಗ್ಗೆ ಅಲ್ಲಿಂದ ಹತ್ತಿದರೆ ಮಧ್ಯಾಹ್ನ ಸೀದಾ ಮಂಗಳೂರಲ್ಲೇ ಇಳೀತಾನೆ ಅಂದೆ. ಬರ್ಕೊಂಡರು.”

“ಬರ್ಕೊಂಡರಾ?”

“ಹೌದು. ಪಾಪ, ನೆನಪಿರ್ಲಿ ಅಂತ.”

ನಾನು ಒಳಗೆ ಹೋಗಿ ಮರ್ವಾಳ ಬಟ್ಟೆ ಬದಲಿಸಿದೆ. ಬದಲಿಸಬೇಕಾದಷ್ಟು ಅದು ಒದ್ದೆಯಾಗಿರಲಿಲ್ಲ. ಮೇಜಿನ ಮೇಲೆ, ತೊಳೆದಿಟ್ಟ ಚಾ ಕಪ್ಪಿನ ಕೆಳಗೆ ಎರಡನೆಯ ಲಕೋಟೆ ಇತ್ತು. ಹೊಸ ಜಾಲತಾಣದ ಮಾಲೀಕ ಇಜಾಝ್ ವಿಚಾರಣೆಗೆ ಖುದ್ದಾಗಿ ಹಾಜರಾಗಬೇಕು ಎಂದು ಉಂಟು.

ಉಮ್ಮನಿಗೆ ಎಂತ ಹೇಳಲಿ? ಬ್ಯಾಂಕು ಎಂದು ಹೇಳಿದವರು ನಾವೇ.

ಶಾಝಿಯಾ


ದಮ್ಮಾಮ್
17 ಅಕ್ಟೋಬರ್ 2025

ಶಾಝಿ,

ಉಮ್ಮನಿಗೆ ಏನೂ ಹೇಳಬೇಡ. ಅವರು ಮಾಡಿದ ಚಾ ಕುಡಿದವರು ಕೆಟ್ಟವರಾಗಿರಲಿಕ್ಕಿಲ್ಲ.

ನಾನು ಬರುತ್ತೇನೆ. ಕೇಳಿದರೆ ಉತ್ತರ ಕೊಡುತ್ತೇನೆ. ಕೊಲೆ ಮಾಡಿದ್ದೇವಾ? ಬಾವಿಯ ನೀರು ಕೆಟ್ಟಿದೆ ಎಂದು ಹೇಳಿದ್ದೇವೆ. ಬಾವಿಕಟ್ಟೆ ತೆಗೆದುಬಿಡು ಎಂದು ನಾನು ಹೇಳುತ್ತೇನೆಂದು ನೀನು ಕಾಯುತ್ತಿದ್ದರೆ, ಹೇಳುವುದಿಲ್ಲ. ಆ ಕೆಳಗಿನ ತಿರುವು ಆಗುವವರೆಗೆ ಇರಲಿ.

ಮರ್ವಾಳಿಗೆ ತಳ್ಳಿಕೊಂಡು ನಡೆಯುವ ಗಾಡಿ ತೆಗೆದಿಟ್ಟಿದ್ದೇನೆ, ಹಳದಿ ಬಣ್ಣ. ಅಯ್ಯೂಬ್ ಅದನ್ನು ರೂಮಿನಲ್ಲಿ ಓಡಿಸಿ ನೋಡಿದ. ಚಕ್ರ ಸರಿ ಇದೆಯಂತೆ.

ಇಜಾಝ್


ಜೆಪ್ಪು
3 ನವೆಂಬರ್ 2025

ಮರ್ವಾಳ ಬಾಪನಿಗೆ,

ಅಯ್ಯೂಬರು ಗಾಡಿ ಓಡಿಸಿದ್ದನ್ನು ಬರೆದಿರಿ. ಅಯ್ಯೂಬರು ಕಳೆದ ವರ್ಷ ರಜೆಗೆ ಬಂದಾಗ ಎಂತದೋ ವಿಚಾರಣೆಯೆಂದು ಏರ್‌ಪೋರ್ಟಿನಲ್ಲೇ ಅವರ ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡದ್ದು, ಅಲ್ಲಿ ಇಲ್ಲಿ ಅಲೆದು ರಜೆ ಮುಗಿದು, ವೀಸಾ ಹೋಗಿ, ಬೇರೆ ಕಂಪೆನಿಯಲ್ಲಿ ಮೊದಲಿನಿಂದ ಶುರು ಮಾಡಿದ್ದು, ಇದನ್ನು ನೀವು ಬರೆಯಲಿಲ್ಲ. ಅವರ ಹೆಂಡತಿ ರುಖಿಯಾ ಮದುವೆ ಮನೆಯಲ್ಲಿ ಸಿಕ್ಕಿದವಳು ಹೇಳಿದಳು. ನಿಮಗೆ ಗೊತ್ತಿದ್ದೇ ನೀವು ‘ಬರುತ್ತೇನೆ’ ಎಂದದ್ದು.

ಹಾಗಾಗಿ ಇವತ್ತು ನಾನೇ ಆ ಕಚೇರಿಗೆ ಹೋದೆ. ಮರ್ವಾಳನ್ನು ಸೊಂಟದಲ್ಲಿ ಕೂರಿಸಿಕೊಂಡು, ಆಧಾರ್ ಕಾರ್ಡ್, ಬಾಟಲಿಗಳ ಫೋಟೋ ಎಲ್ಲ ತೆಗೆದುಕೊಂಡು. ಅಲ್ಲಿಯ ಸಾಹೇಬರು ನಡುವಯಸ್ಸಿನವರು, ಸಿಟ್ಟಿನವರಲ್ಲ. ಮರ್ವಾಳಿಗೆ ತಮ್ಮ ಪೆನ್ನು ಕೊಟ್ಟರು, ಅವಳು ಬಾಯಿಗೆ ಹಾಕಿದಳು.

“ಇದು ನನ್ನದು ಸರ್” ಎಂದೆ.

“ಯಾವುದು?”

“ಬಾವಿಕಟ್ಟೆ. ನೀರು ತುಂಬಿದ್ದು, ಬರೆದದ್ದು, ಎಲ್ಲ ನಾನು.”

“ಯಾರ ಹೆಸರಲ್ಲಿ ಉಂಟು?”

“ಗಂಡನ ಹೆಸರಲ್ಲಿ. ಆದರೆ ಮಾಡಿದ್ದು ನಾನು.”

ಅವರು ಫೈಲು ಮುಚ್ಚಿದರು. “ಮನೆಯ ಕರೆಂಟ್ ಬಿಲ್ ಯಾರ ಹೆಸರಲ್ಲಿ ಬರ್ತದಮ್ಮ?”

“ಅವರದ್ದೇ.”

“ಸ್ಕೂಟರ್ ಯಾರ ಹೆಸರಲ್ಲಿ ಉಂಟು?”

“ಅವರದ್ದೇ. ಓಡಿಸುವುದು ನಾನು.”

“ಸಿಗ್ನಲ್ ದಾಟಿದರೆ ಫೈನ್ ಯಾರ ಹೆಸರಿಗೆ ಬರ್ತದೆ?”

ನಾನು ಮರ್ವಾಳ ಬಾಯಿಂದ ಪೆನ್ನು ತೆಗೆದು ಒರೆಸಿ ಮೇಜಿನ ಮೇಲಿಟ್ಟೆ.

“ನಿಮ್ಮನ್ನು ಕೂರಿಸಿ ಕೇಳಿದರೆ ನಾಳೆ ಮೇಲಿನವರು ನನ್ನನ್ನು ಕೇಳ್ತಾರೆ, ಹೆಸರು ಇರುವವನನ್ನು ಬಿಟ್ಟು ಕೈಮಗು ಇರುವ ಹೆಂಗಸನ್ನು ಯಾಕಯ್ಯಾ ಕರೆಸಿದ್ದು ಅಂತ. ಹೇಗೂ ಬರ್ತಾರಲ್ಲ ಯಜಮಾನರು, ಹನ್ನೆರಡಕ್ಕೆ.”

ದಿನಾಂಕವನ್ನು ಅವರು ಫೈಲು ನೋಡದೆ ಹೇಳಿದರು.

ಅಲ್ಲಿಂದ ಸೀದಾ ರೇಚಲ್ ಮೇಡಂ ಹತ್ತಿರ ಹೋದೆ. ಇಲ್ಲೇ ಜೆಪ್ಪುವಿನವರು, ವಕೀಲರು, ಅವರ ಮನೆಯ ಬಾವಿಯೂ ನಮ್ಮ ನಕ್ಷೆಯಲ್ಲಿ ಉಂಟು. ಅವರು ಹೇಳಿದ್ದು ಇಷ್ಟು. ನೀರಿನ ಪರೀಕ್ಷೆಯ ಫಲ ಬರೆಯುವುದು ತಪ್ಪಲ್ಲ, ಅದನ್ನು ವಾದಿಸಬಹುದು. ಆದರೆ ಉತ್ತರ ಕೊಡಬೇಕಾದವರು ಅದನ್ನು ಮಾಡಿದವರು. ಬಾವಿಕಟ್ಟೆ ನನ್ನ ಹೆಸರಿಗೆ ಬಂದರೆ, ‘ಇದನ್ನು ಮೊದಲಿನಿಂದಲೂ ನಡೆಸುವವಳು ನಾನು, ಇಗೋ ನನ್ನ ಉತ್ತರ’ ಎಂದು ನೋಟಿಸಿಗೆ ಬರೆದು ಕೊಡಬಹುದು. ಆಗ ಕರೆಸಬೇಕಾದದ್ದು ನನ್ನನ್ನು. ನಿಮ್ಮನ್ನು ಏರ್‌ಪೋರ್ಟಿನಲ್ಲಿ ಕಾಯಲು ಅವರಿಗೆ ಕಾರಣ ಇರುವುದಿಲ್ಲ.

ಹೆಸರು ಬದಲಿಸಲು ಐಸ್‌ಲ್ಯಾಂಡಿನವರಿಗೆ ಕೇಳಿಕೊಂಡಿದ್ದೇನೆ. ಈಗ ಹೆಸರು ಇರುವವರು ಒಪ್ಪಬೇಕಂತೆ. ನಿಮ್ಮ ಮೇಲ್‌ಗೆ ಒಂದು ಲಿಂಕ್ ಬರುತ್ತದೆ. ಅದನ್ನು ಒತ್ತಿ. ಅಷ್ಟೇ ಕೆಲಸ.

ನಿಮ್ಮ
ಶಾಝಿಯಾ


ದಮ್ಮಾಮ್
7 ನವೆಂಬರ್ 2025

ಶಾಝಿ,

ಲಿಂಕ್ ಬಂತು. ಒತ್ತಲಿಲ್ಲ.

ಆ ಸಾಹೇಬರು ಪೆನ್ನು ಕೊಟ್ಟರೆಂದು ಬರೆದಿದ್ದೀ. ಮುಂದಿನ ಸಲ ಆ ಕುರ್ಚಿಯಲ್ಲಿ ಬೇರೆಯವರು ಇದ್ದರೆ? ಬೆಳಿಗ್ಗೆ ಹೋದವಳನ್ನು ಸಂಜೆಯವರೆಗೆ ಬೆಂಚಿನಲ್ಲಿ ಕೂರಿಸಿದರೆ ಮರ್ವಾ ಯಾರ ಹಾಲು ಕುಡಿಯುತ್ತಾಳೆ? ನನಗಾದರೆ ಒಂದು ಕೆಲಸ ಹೋಗಬಹುದು. ಕೆಲಸ ಇನ್ನೊಂದು ಸಿಗುತ್ತದೆ, ಅಯ್ಯೂಬನಿಗೆ ಸಿಗಲಿಲ್ಲವಾ?

ನಾನು ಬಂದು ‘ಇದು ನನ್ನದೇ’ ಎನ್ನುತ್ತೇನೆ. ನೀನು ಇದರಲ್ಲಿ ಇಲ್ಲ. ಈ ವಿಷಯ ಇಲ್ಲಿಗೆ ಬಿಡು, ಫೋನಿನಲ್ಲಿ ಉಮ್ಮನ ಎದುರು ಎತ್ತಬೇಡ.

ಇಜಾಝ್


ಜೆಪ್ಪು
11 ನವೆಂಬರ್ 2025, ರಾತ್ರಿ

ಮರ್ವಾಳ ಬಾಪನಿಗೆ,

ನಿಮ್ಮ ಉಮ್ಮ ಕೋಳಿಗೆ ಮಸಾಲೆ ಅರೆದಿಟ್ಟು, ನಾಳೆ ಬೇಗ ಎಬ್ಬಿಸು ಎಂದು ಮಲಗಿದ್ದಾರೆ. ನೀವು ಈಗ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿರಬಹುದು. ನಾಲ್ಕು ದಿನ ನೀವು ಹೇಳಿದ ಹಾಗೆ ಸುಮ್ಮನಿದ್ದೆ. ಫೋನಿನಲ್ಲಿ ಹಲ್ಲಿನ ಮಾತು, ಗಾಡಿಯ ಮಾತು ಆಡಿದೆ. ಇನ್ನು ಆಗುವುದಿಲ್ಲ.

ನೀವು ನನ್ನನ್ನು ಉಳಿಸಲು ಹೊರಟಿದ್ದೀರೆಂದು ಗೊತ್ತಾಗದಷ್ಟು ದಡ್ಡಿ ನಾನಲ್ಲ. ಓದಿದಾಗ ಅಳು ಬಂತು, ಅದನ್ನು ಬಚ್ಚಿಡುವುದಿಲ್ಲ. ಆದರೆ ನಾಳೆ ನಿಮ್ಮನ್ನು ಕೂರಿಸಿ ಕೇಳುವ ಮೊದಲ ಪ್ರಶ್ನೆಯನ್ನು ಸ್ವಲ್ಪ ಯೋಚಿಸಿ. ಈ ಬಾಟಲಿಗೆ ನೀರು ತುಂಬಿದ್ದು ಯಾರು? ನೀವು ಆಗ ದಮ್ಮಾಮಿನಲ್ಲಿದ್ದಿರಿ, ಪಾಸ್‌ಪೋರ್ಟೇ ಹೇಳುತ್ತದೆ. ‘ನಾನು’ ಎಂದರೆ ಸುಳ್ಳು. ‘ಹೆಂಡತಿ’ ಎಂದು ನೀವು ಹೇಳುವವರಲ್ಲ. ಹಾಗಾದರೆ ಸುಮ್ಮನೆ ಕೂರುತ್ತೀರಿ. ನೀವು ಸುಮ್ಮನೆ ಕೂರುವುದು ಹೇಗೆಂದು ನನಗೆ ಗೊತ್ತುಂಟು. ಹೆಣ್ಣು ನೋಡಲು ಬಂದ ದಿನ ನೀವು ಹಾಗೆ ಕೂತದ್ದನ್ನು ನೋಡಿ, ಹುಡುಗನಿಗೆ ಮಾತು ಬರುವುದಿಲ್ಲವಾ ಎಂದು ನನ್ನ ಅಣ್ಣ ಕೇಳಿದ್ದ. ಮನೆಯಲ್ಲಿ ಅದಕ್ಕೆ ನಾಚಿಕೆ ಎನ್ನುತ್ತಾರೆ. ಕಚೇರಿಯಲ್ಲಿ, ಏನೋ ಮುಚ್ಚಿಡುತ್ತಿದ್ದಾನೆ ಎನ್ನುತ್ತಾರೆ.

ನನ್ನನ್ನು ಕೇಳಿದರೆ ಎಲ್ಲದಕ್ಕೂ ಉತ್ತರ ಉಂಟು. ಯಾವ ಬಾವಿ, ಯಾವ ದಿನ, ಹಗ್ಗ ಎಳೆದದ್ದು ಯಾರು, ಬಾಟಲಿ ಯಾವಾಗ ಕಪ್ಪಾಯಿತು. ಆ ಬಾವಿಯ ಮನೆಯವರು ಒಪ್ಪಿದ ಮೇಲೆಯೇ ಬರೆದೆನಾ, ಅದಕ್ಕೂ ಉಂಟು. ಓಣಿಯ ಹೆಂಗಸರು ನೀರು ಕೊಟ್ಟದ್ದು ನಿಮ್ಮ ಹೆಸರು ನೋಡಿ ಅಲ್ಲ. ನಾಳೆ ನೀವು ‘ನನ್ನದೇ’ ಎಂದರೆ, ಕಾಣದ ಊರಿನಲ್ಲಿ ಕೂತ ಒಬ್ಬ ಗಂಡಸು ಏನೋ ಹಬ್ಬಿಸಿದ ಎಂದು ಮುಗಿಸಿಬಿಡುತ್ತಾರೆ. ಕಪ್ಪು ಚುಕ್ಕಿಗಳನ್ನು ಆಮೇಲೆ ಯಾರು ನಂಬುತ್ತಾರೆ?

ನನಗೆ ಹೆದರಿಕೆ ಇಲ್ಲವೆಂದಲ್ಲ. ನಾನು ಹೆದರುಪುಕ್ಕಲಿ, ಜ್ವರ ಇಲ್ಲದ ಮಗುವಿನ ಹಣೆ ಮುಟ್ಟಿ ಮುಟ್ಟಿ ನೋಡುವವಳು. ಬೆಂಚಿನಲ್ಲಿ ಕೂರಿಸಿದರೆ ಕೂರುತ್ತೇನೆ. ರೇಚಲ್ ಮೇಡಂ ಜತೆಗೆ ಬರುತ್ತಾರೆ. ಕುಶಲಕ್ಕ ಮರ್ವಾಳನ್ನು ಎತ್ತಿಕೊಂಡು ಹೊರಗೆ ನಿಲ್ಲುತ್ತಾರಂತೆ, “ಅವರು ಎಷ್ಟು ಹೊತ್ತು ಕೂರಿಸ್ತಾರೋ ನಾನೂ ನೋಡ್ತೇನೆ, ನನಗೂ ಬೇರೆ ಕೆಲಸ ಇಲ್ಲ” ಎಂದರು. ಅಲ್ಲಿ ನನಗೆ ಹೆದರಿಕೆಯಾದರೆ ಅದು ನನ್ನ ಹೆದರಿಕೆ, ಅದನ್ನು ಹೊರುತ್ತೇನೆ. ನೀವು ಇಳಿಯುವ ಹೊತ್ತಿಗೆ ಈ ಮನೆಯಲ್ಲಿ ಕೂತು ಗಡಿಯಾರ ನೋಡುವ ಹೆದರಿಕೆಯನ್ನು ಮಾತ್ರ ಹೊರಲಾರೆ.

ಉತ್ತರ ಬರೆದಿಟ್ಟಿದ್ದೇನೆ. ರೇಚಲ್ ಮೇಡಂ ತಿದ್ದಿದ್ದಾರೆ. ಬೆಳಿಗ್ಗೆ ಕಚೇರಿ ತೆರೆಯುತ್ತಲೇ ಕೊಟ್ಟು, ಮುದ್ರೆ ಹಾಕಿಸಿಕೊಳ್ಳುತ್ತೇವೆ. ನಿಮ್ಮ ವಿಮಾನ ಆಗ ಸಮುದ್ರದ ಮೇಲಿರುತ್ತದೆ. ಅದರ ಮೊದಲ ಸಾಲು, ‘ಬಾವಿಕಟ್ಟೆ ನನ್ನ ಹೆಸರಿನಲ್ಲಿದೆ, ಅದನ್ನು ನಡೆಸುವವಳು ನಾನು.’ ಆ ಸಾಲಿನ ಅರ್ಧ ಈಗಲೇ ಸತ್ಯ. ಇನ್ನರ್ಧ ನಿಮ್ಮ ಕೈಯಲ್ಲಿ ಉಂಟು. ನೀವು ವಿಮಾನ ಹತ್ತಿ ಫೋನ್ ಆಫ್ ಮಾಡಿದ ಮೇಲೆ ಅದನ್ನು ಸತ್ಯ ಮಾಡಲು ಯಾರಿಂದಲೂ ಆಗುವುದಿಲ್ಲ. ಸುಳ್ಳು ಸಾಲನ್ನು ನಾನು ಕೊಡಲಾರೆ.

ಲಿಂಕ್ ಒತ್ತಿ. ಒತ್ತಿದ ಮೇಲೆ ನನಗೆ ಫೋನ್ ಮಾಡಿ, ಬರೀ ನನಗೆ. ವೀಡಿಯೊ ಬೇಡ, ಉಮ್ಮ ಏಳುವುದು ಬೇಡ, ‘ಒತ್ತಿದೆ’ ಎಂದು ಒಂದು ಮಾತು ಸಾಕು. ಒತ್ತಲು ಮನಸ್ಸಾಗದಿದ್ದರೂ ಫೋನ್ ಮಾಡಿ, ಬೈಯಿರಿ, ನಾನು ಮತ್ತೆ ಹೇಳುತ್ತೇನೆ, ಮತ್ತೆ ಬೈಯಿರಿ. ಕೈಯಲ್ಲೇ ಹಿಡಿದು ಕೂತಿದ್ದೇನೆ, ಮೊದಲ ರಿಂಗಿಗೇ ಎತ್ತುತ್ತೇನೆ. ದಯವಿಟ್ಟು, ಏರ್‌ಪೋರ್ಟಿಗೆ ಹೊರಡುವ ಮೊದಲು, ಇಲ್ಲಿ ಬೆಳಗಾಗುವ ಮೊದಲು, ಫೋನ್ ಮಾಡಿ.

ಶಾಝಿಯಾ